ರಾಜಕಾಲುವೆ ನೀರು ಮನೆಗೆ ನುಗ್ಗಿದೆ, ಫಿನಾಯಿಲ್ ಹಾಕಿ ಒರೆಸಿದರೆ ಸಾಕಾ?

ನೆಲಮಹಡಿಯವನು:
ಬೆಂಗಳೂರು, ಹೊರಮಾವು ಕಡೆ ಬಾಡಿಗೆ ಮನೆ ನಮ್ಮದು. ಮೊನ್ನೆ ರಾತ್ರಿ ಮಳೆಗೆ ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಚರಂಡಿ) ಉಕ್ಕಿ ಮೊಣಕಾಲುದ್ದ ನೀರು ಒಳಗೆ ಬಂತು. ಈಗ ಇಳಿದಿದೆ, ಆದರೆ ಮೂಲೆಮೂಲೆಯಲ್ಲೂ ಕಪ್ಪು ಕೆಸರು, ಗಬ್ಬು ವಾಸನೆ. ಓನರ್ ಕೇಳಿದರೆ "ಮಳೆ ನೀರು ತಾನೇ, ಫಿನಾಯಿಲ್ ಹಾಕಿ ಒರೆಸಿ" ಅನ್ನುತ್ತಾರೆ. ಮಗಳಿಗೆ ಎರಡು ವರ್ಷ, ನೆಲದ ಮೇಲೇ ಆಡುತ್ತಾಳೆ, ಸದ್ಯಕ್ಕೆ ಅಜ್ಜಿ ಮನೆಯಲ್ಲಿದ್ದಾಳೆ. ಸಂಪಿನ ನೀರು ತಿಳಿಯಾಗಿದೆ, ಬಳಸಬಹುದಾ? ಹಾಸಿಗೆ ಬಿಸಿಲಿಗೆ ಹಾಕಿದರೆ ಉಳಿಯುತ್ತಾ?

ಘಟಪ್ರಭಾ ದಂಡೆ:
ಮಳೆ ನೀರಂತೆ! ರಾಜಕಾಲುವೆಯಲ್ಲಿ ಏನೇನು ಹರಿಯುತ್ತದೆ ಅಂತ ಊರಿಗೇ ಗೊತ್ತು. ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರ್ ಕೂಡ ಹಿಂದಕ್ಕೆ ಉಕ್ಕಿರುತ್ತದೆ, ಅಂದರೆ ಅದು ಕಕ್ಕಸಿನ ನೀರೇ ಅಂದುಕೊಳ್ಳಿ. 2019ರ ಆಗಸ್ಟಿನಲ್ಲಿ ಗೋಕಾಕದಲ್ಲಿ ಹೊಳೆ ಮನೆಯೊಳಗೆ ಬಂದಾಗ ನಾವು ಕಲಿತಿದ್ದು ಇಷ್ಟು: ಕೆಸರು ಹಸಿ ಇರುವಾಗಲೇ ತೆಗೆಯಬೇಕು. ಒಣಗಿದರೆ ಧೂಳಾಗಿ ಮೂಗಿಗೆ ಹೋಗುತ್ತದೆ. ಮೊದಲು ಸಲಿಕೆ, ಆಮೇಲೆ ಸೋಪಿನ ನೀರು ಹಾಕಿ ಬ್ರಷ್‌ನಲ್ಲಿ ತಿಕ್ಕುವುದು, ಕೊನೆಗೆ ಬ್ಲೀಚಿಂಗ್. ಕೆಸರಿನ ಮೇಲೇ ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಹೋಗುತ್ತದೆ, ಸುಮ್ನೆ ದುಡ್ಡು ದಂಡ. ಫಿನಾಯಿಲ್ ಒಂದನ್ನೇ ನಂಬಬೇಡಿ, ವಾಸನೆ ಮುಚ್ಚಿದರೂ ಕೊಳೆ ಹಾಗೇ ಉಳಿದಿರುತ್ತದೆ. ಹಾಸಿಗೆ, ದಿಂಬು ಎಸೆಯಿರಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತದೆ, ಒಂದೆರಡು ದಿನದಲ್ಲೇ ಬೂಸ್ಟು ಶುರು. ಸ್ಟೀಲ್ ಪಾತ್ರೆ ಪರವಾಗಿಲ್ಲ, ತಿಕ್ಕಿ ತೊಳೆದು ಕುದಿಯುವ ನೀರಲ್ಲಿ ಹಾಕಿದರೆ ಸಾಕು.

ಪೈಪು ರಿಂಚು:
ಸಂಪಿನ ಮುಚ್ಚಳ ಮುಳುಗಿತ್ತಾ? ಮುಳುಗಿದ್ದರೆ ನೀರು ತಿಳಿಯಾಗಿದ್ದರೂ ಕೆಟ್ಟಿದೆ ಅಂತಲೇ ಲೆಕ್ಕ, ಕೊಳೆ ಕೆಳಗೆ ಕೂತಿರುತ್ತದೆ. ಆಮೇಲೆ ಮೋಟರ್ ಹಾಕಿದ್ದರೆ ಮೇಲಿನ ಟ್ಯಾಂಕೂ ಹೋಯಿತು, ಇದನ್ನು ತುಂಬಾ ಜನ ಮರೆಯುತ್ತಾರೆ. ಎರಡನ್ನೂ ಖಾಲಿ ಮಾಡಿ, ಗೋಡೆ ತಿಕ್ಕಿಸಿ, ಬ್ಲೀಚಿಂಗ್ ನೀರಲ್ಲಿ ತೊಳೆಸಿ. ಸಂಪಿಗೆ ಒಬ್ಬರನ್ನೇ ಇಳಿಸಬೇಡಿ, ಉಸಿರು ಕಟ್ಟಬಹುದು. ಹೊಸ ನೀರು ತುಂಬಿದ ಮೇಲೆ 1000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಪೌಡರನ್ನು ನೇರ ಹಾಕದೆ ಬಕೆಟ್‌ನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿ ಮಾತ್ರ ಸುರಿಯಿರಿ, ಒಂದು ಗಂಟೆ ಬಿಡಿ. ಹಳೇ ಪ್ಯಾಕೆಟ್ ಬೇಡ, ಗಾಳಿ ತಾಗಿದ್ದರೆ ಸತ್ವ ಹೋಗಿರುತ್ತದೆ. ಕುಡಿಯೋಕೆ ಸದ್ಯಕ್ಕೆ ಕ್ಯಾನ್ ನೀರೇ ತರಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ನೀರಿಗೆ ಸೇರಿರುವ ಡೀಸೆಲ್, ಕೆಮಿಕಲ್ ಹೋಗುವುದಿಲ್ಲ.

ವಾರ್ಡ್ ಡ್ಯೂಟಿ:
ನಾನು ನರ್ಸ್. ಎಲ್ಲರೂ ಮನೆ ಬಗ್ಗೆ ಹೇಳಿದರು, ಕ್ಲೀನ್ ಮಾಡುವವರ ಕಥೆ? ಗಮ್ ಬೂಟ್, ರಬ್ಬರ್ ಗ್ಲೌಸ್ ಇಲ್ಲದೆ ಇಳಿಯಬೇಡಿ. ಇಲಿ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಇಲಿ ಜ್ವರ ಬರಬಹುದು, ಅದು ತಕ್ಷಣ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ, ತಿಂಗಳಾದರೂ ಆಗಬಹುದು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಡಾಕ್ಟರ ಹತ್ತಿರ "ನೆರೆ ನೀರಲ್ಲಿ ಓಡಾಡಿದ್ದೆ" ಅಂತ ನೀವೇ ಹೇಳಿ, ಇಲ್ಲದಿದ್ದರೆ ವೈರಲ್ ಅಂದುಕೊಂಡು ಕಳಿಸಿಬಿಡಬಹುದು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನೀವೇ ನುಂಗಬೇಡಿ. ಏನಾದರೂ ಚುಚ್ಚಿದರೆ ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ. ಇನ್ನೊಂದು: ಬಾತ್‌ರೂಮಲ್ಲಿ ಆ್ಯಸಿಡ್ ಮತ್ತು ಬ್ಲೀಚಿಂಗ್ ಒಟ್ಟಿಗೆ ಖಂಡಿತ ಬೇಡ. ಕ್ಲೋರಿನ್ ಗ್ಯಾಸ್ ಏಳುತ್ತದೆ, ಚಿಕ್ಕ ರೂಮಲ್ಲಿ ಪ್ರಾಣಕ್ಕೇ ಅಪಾಯ.

ನೆಲಮಹಡಿಯವನು:
ಮುಚ್ಚಳ ಮುಳುಗಿತ್ತು, ಮೋಟರೂ ಹಾಕಿದ್ದೆವು. ಟ್ಯಾಂಕ್ ಕ್ಲೀನ್ ಮಾಡುವವರಿಗೆ ಫೋನ್ ಮಾಡಿದ್ದೇನೆ. ಫ್ರಿಜ್ ಆನ್ ಮಾಡಬಹುದಾ?

ಪೈಪು ರಿಂಚು:
ಬೇಡ ಸ್ವಾಮಿ. ಕೆಳಗಿನ ಪ್ಲಗ್ ಪಾಯಿಂಟ್‌ಗಳೂ ನೆನೆದಿರುತ್ತವೆ ಅಲ್ವಾ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕೈಲಿ ವೈರಿಂಗ್, ಅರ್ಥಿಂಗ್ ಚೆಕ್ ಮಾಡಿಸಿ. ಫ್ರಿಜ್ ಮೆಕ್ಯಾನಿಕ್ ನೋಡಿದ ಮೇಲೆಯೇ. ಒಳಗಿದ್ದ ಹಾಲು, ತರಕಾರಿ ಎಲ್ಲ ಕಸಕ್ಕೆ.