ಹಡಿಲು ಗದ್ದೆಗೆ ಬೇಲಿ ಹಾಕಿದರೆ ಹಕ್ಕಿಗಳು ಹೆಚ್ಚುತ್ತವೆಯೇ?

ಸುವರ್ಣಾತೀರ (ಕೆಮ್ಮಣ್ಣು):
ನದಿಗೆ ತಾಗಿಕೊಂಡಿರುವ ನಮ್ಮ ಬೈಲು ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ವರ್ಷಗಳೇ ಆದವು. ಮಳೆ ನಿಂತ ಮೇಲೂ ತಗ್ಗಿನಲ್ಲಿ ನೀರು ಉಳಿಯುತ್ತದೆ. ನೆರೆಮನೆಯ ದನಗಳು ಅಲ್ಲೇ ಮೇಯುತ್ತವೆ. ಅವು ಕಾಲೆತ್ತಿಟ್ಟಲ್ಲೆಲ್ಲ ಮಿಡತೆ ಏಳುತ್ತದೆ, ಗೋವಕ್ಕಿ ಕತ್ತು ಚಾಚಿ ಹಿಡಿಯುತ್ತದೆ. ಆದರೆ ಈ ಬೇಸಗೆಯಲ್ಲಿ ಹುಣಿಯ (ಗದ್ದೆಯ ಬದುವಿನ) ಪಕ್ಕ ಟಿಟ್ಟಿಭ ಹಕ್ಕಿ ನೆಲದಲ್ಲೇ ಇಟ್ಟ ಮೊಟ್ಟೆಗಳು ಒಡೆದುಹೋದವು. ಸುತ್ತ ಬೇಲಿ ಹಾಕೋಣ ಎಂದು ತಮ್ಮನ ಹಟ. ನೆರೆಮನೆಯ ಅಕ್ಕನೊಡನೆ ನಿಷ್ಠುರವಾಗುವ ಮೊದಲು ತಿಳಿದವರು ಹೇಳಿ.

ಉಲ್ಲಂಕಿ (ಮಂಗಳೂರು):
ತಮ್ಮನಿಗೆ ಭರತಪುರದ ಕಥೆ ಹೇಳಿ. ಅಲ್ಲಿನ ಹಕ್ಕಿಧಾಮ, ರಾಜಸ್ಥಾನದ ಕೇವಲಾದೇವ ಉದ್ಯಾನದಲ್ಲಿ 1982ರ ನವೆಂಬರಿನಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಊರವರು ತಿರುಗಿಬಿದ್ದರು, ಗೋಲಿಬಾರಿನಲ್ಲಿ ಜನ ಸತ್ತರು. ಅಷ್ಟೆಲ್ಲ ಆಗಿ ಹಕ್ಕಿಗಳಿಗೆ ದಕ್ಕಿದ್ದೇನು? ಎಮ್ಮೆ ಮೇಯುತ್ತಿದ್ದ ಪ್ಯಾಸ್ಪೇಲಮ್ ಹುಲ್ಲು ಅಂಕೆ ಮೀರಿ ಹಬ್ಬಿತು, ಬಾತುಗಳಿಗೆ ತೆರೆದ ನೀರೇ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸುಮಾರು ಹತ್ತು ವರ್ಷ ಅಧ್ಯಯನ ಮಾಡಿ, ಹುಲ್ಲು ಹತೋಟಿಯಲ್ಲಿರಲು ಎಮ್ಮೆ ಬೇಕು ಎಂಬ ನಿಲುವಿಗೆ ಬಂದರು.

ನಿಮಗೆ ಯಾವ ಹಕ್ಕಿ ಬೇಕು? ದನ ಮೇಯ್ದ ಗಿಡ್ಡ ಹುಲ್ಲು, ಕೆಸರು ಇದ್ದರೆ ಟಿಟ್ಟಿಭ, ಸಿಪಿಲೆ, ಗೊರವ. ಜೊಂಡು ಎತ್ತರ ಬೆಳೆದರೆ ನೇರಳೆ ಜಂಬುಕೋಳಿ, ಹುಂಡುಕೋಳಿ, ರಾಟವಾಳ. ಪೂರ್ತಿ ಬೇಲಿ ಹಾಕಿದರೆ ಮೊದಲನೆಯ ಗುಂಪು ಹೋಯಿತೆಂದೇ ತಿಳಿಯಿರಿ. ನದಿಯ ಬದಿಯ ಒಂದು ಮೂಲೆಯನ್ನು ಮಾತ್ರ ದನಕ್ಕೆ ಸಿಗದಂತೆ ಬಿಡಿ. ಟಿಟ್ಟಿಭ ಕಾವು ಕೊಡುವುದು ಸುಮಾರು ನಾಲ್ಕು ವಾರ, ಅಷ್ಟು ದಿನ ಗೂಡಿನ ಸುತ್ತ ದೂರಕ್ಕೆ ಮುಳ್ಳು ಇಟ್ಟರಾಯಿತು.

ಕೊಳಕೆ ಗದ್ದೆ (ಬ್ರಹ್ಮಾವರ):
ಮೊಟ್ಟೆ ತುಳಿದದ್ದು ದನವೇ ಎಂದು ಕಂಡವರು ಯಾರು ಮಾರಾಯರೇ? ದನದ ಹಿಂದೆ ನಾಯಿ ಬರುವುದಿಲ್ಲವೇ? ಮೊದಲು ಅದನ್ನು ನೋಡಿ.

ಬೇಸಾಯ ಇದ್ದ ಕಾಲದಲ್ಲಿ ನಮ್ಮಲ್ಲಿ ಕೊಯ್ಲು ಮುಗಿದ ಗದ್ದೆಗೆ ದನ ಬಿಡುತ್ತಿದ್ದೆವು, ಮಳೆಗಾಲದ ಬೆಳೆಯಾದ ಏಣೆಲಿನ ನಾಟಿಯ ಹೊತ್ತಿಗೆ ಹಟ್ಟಿಯಲ್ಲಿ ಕಟ್ಟುತ್ತಿದ್ದೆವು. ಈಗ ಹಡಿಲು ಗದ್ದೆಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಒಂದೋ ವರ್ಷವಿಡೀ ದನ, ಇಲ್ಲವೇ ಆಳೆತ್ತರದ ಹುಲ್ಲು. ಎಮ್ಮೆ ತನ್ನಿ ಎನ್ನುವುದು ಸುಲಭ. ಟಿಲ್ಲರ್ ಬಂದ ಮೇಲೆ ನಮ್ಮ ಕಡೆ ಉಳಿದದ್ದು ಕಂಬಳದ ಕೋಣಗಳು. ಬೇಯಿಸಿದ ಹುರುಳಿ ತಿನ್ನುವ ಆ ಮಹನೀಯರು ನಿಮ್ಮ ಜೊಂಡು ಮೇಯಲು ಬರುತ್ತಾರೆಯೇ?

ಸುವರ್ಣಾತೀರ:
ನಾಯಿ ಬರುವುದು ನಿಜ. ಆದರೆ ತಮ್ಮ ಆಗಲೇ ಮುಳ್ಳುತಂತಿ ತಂದಾಗಿದೆ. ಮೂಲೆಗೆ ಅದನ್ನೇ ಸುತ್ತಬಹುದೇ?

ಉಲ್ಲಂಕಿ:
ಅದನ್ನು ಅಂಗಡಿಗೆ ವಾಪಸು ಕೊಡಿ. ಹಾರಿಬರುವ ಹಕ್ಕಿಯ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಬಿದಿರಿನ ಅಡ್ಡಗಳು ಸಾಕು. ಕೆಳಗಿನದು ಮೊಣಕಾಲೆತ್ತರದಲ್ಲಿರಲಿ, ಹುಂಡುಕೋಳಿ ಮರಿಗಳು ಅಡಿಯಿಂದ ನುಸುಳಿ ಹೋಗುತ್ತವೆ.