ರೀಲಿಗೆ ಮಂಗಳ ಹಾಡುವವ ಯಾರು?

"ಮಗನ ಫೋನಿಗೆ ಒಂದು ಬೀಗ ಹಾಕಿ ಕೊಡು ರಜಾಕ್," ಅಂದರು ಶಂಕರಣ್ಣ, ಕಾಸರಗೋಡಿನ ಬದಿಯಡ್ಕದ ಮೊಬೈಲ್ ಅಂಗಡಿಯ ಸ್ಟೂಲಿನಲ್ಲಿ ಕೂತು, ಆನೆಯೊಂದು ಬಾಳೆಗೊನೆ ಕದಿಯುವ ವಿಡಿಯೋವನ್ನು ಮೂರನೇ ಸಲ ನೋಡುತ್ತಾ.

"ಹಾಕಲಿಕ್ಕೆ ಎರಡು ನಿಮಿಷ, ಅವನಿಗೆ ತೆಗೆಯಲಿಕ್ಕೆ ಅರ್ಧ ನಿಮಿಷ," ಅಂದ ರಜಾಕ್. "ಸೆಟ್ಟಿಂಗ್ಸಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಉಂಟು. ಇನ್‌ಸ್ಟಾಗ್ರಾಮಿಗೆ ದಿನಕ್ಕೆ 45 ನಿಮಿಷ ಅಂತ ಟೈಮರ್ ಇಡಬಹುದು. ಮುಗಿದ ಕೂಡಲೇ ಐಕಾನು ಬೂದಿ ಬಣ್ಣಕ್ಕೆ ಬರ್ತದೆ, ಆ್ಯಪ್ ತೆರೆಯುವುದಿಲ್ಲ. ಆದರೆ ಲೆಕ್ಕ ಮಧ್ಯರಾತ್ರಿ ಹನ್ನೆರಡಕ್ಕೆ ಪುನಃ ಸೊನ್ನೆಯಿಂದ ಶುರು."

"ಅದಕ್ಕೆ ಎಂತ ಈಗ?"

"ಹನ್ನೊಂದಕ್ಕೆ ಮಲಗುವ ಹುಡುಗ ಹನ್ನೆರಡಾಗಲಿ ಅಂತ ಕಾದು ಕೂತ್ಕೊಳ್ತಾನೆ ಮಾವ," ಅಂದ ಹರೀಶ, ಬಿಎಸ್ಸಿ ಎರಡನೇ ವರ್ಷ. ಯಾವ ಹುಡುಗ ಅಂತ ಯಾರೂ ಕೇಳಲಿಲ್ಲ.

ಶಾಲೆಯಲ್ಲಿ ಕೌನ್ಸೆಲಿಂಗ್ ಮಾಡುವ ವಿನಯಾ ಟೀಚರ್ ಸ್ಕ್ರೀನ್ ಗಾರ್ಡ್ ಹಾಕಿಸಲಿಕ್ಕೆ ಬಂದವರು, ಬಸ್ಸು ಬಿಟ್ಟು ಮಾತಿಗೆ ಕೂತರು. "ಟೈಮರ್ ಒಂದೇ ಸಾಲದು. ಬೆಡ್‌ಟೈಮ್ ಮೋಡ್ ಹಾಕಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಪರದೆ ಕಪ್ಪು ಬಿಳುಪಾದರೆ ಅರ್ಧ ಆಸೆ ಹೋಗ್ತದೆ. ಆದರೂ ದೊಡ್ಡ ಮದ್ದು ಸೆಟ್ಟಿಂಗ್ಸಿನಲ್ಲಿ ಇಲ್ಲ. ಫೋನು ಚಾರ್ಜಿಗೆ ಇಡುವುದು ಚಾವಡಿಯಲ್ಲಿ, ಮಲಗುವ ಕೋಣೆಯಲ್ಲಿ ಅಲ್ಲ. 13ರಿಂದ 18 ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟರೆ ಸಿಡುಕು, ಮರೆವು, ಮಾತು ಮಾತಿಗೆ ಕಣ್ಣೀರು. ಹುಡುಗನ ಸ್ವಭಾವ ಬದಲಾಯಿತು ಅಂತ ಕೂಗುವ ಮೊದಲು ಎಷ್ಟು ಗಂಟೆ ಮಲಗ್ತಾನೆ ಅಂತ ನೋಡಿ."

"ಅಲಾರಾಂ ಇಡಲಿಕ್ಕೆ ಫೋನು ಹತ್ತಿರ ಬೇಕು ಅಂತಾನಲ್ಲ?"

"ಎದುರಿನ ಅಂಗಡಿಯಲ್ಲಿ ಅಲಾರಾಂ ಗಡಿಯಾರ ಉಂಟು," ಅಂದ ರಜಾಕ್. "ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕ್ತಿದ್ದೇನೆ, ನೋಡಿ."

"ಚಾವಡಿಯಲ್ಲಿ ಅಪ್ಪನ ಫೋನೂ ಇರಬೇಕು," ಅಂದ ಹರೀಶ.

ಶಂಕರಣ್ಣ ಆನೆಯನ್ನು ಕಿಸೆಗೆ ಹಾಕಿಕೊಂಡರು. "ನಮ್ಮ ಪ್ರಾಯದಲ್ಲಿ ಈ ರೋಗ ಇರಲಿಲ್ಲಪ್ಪ."

"ಬೆಳಗಾಗುವ ತನಕ ಯಕ್ಷಗಾನದ ಆಟ ನೋಡಿದ್ದು ಯಾರು? ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆಯವರು ನೀವು!" ಅಂದ ಹರೀಶ.

"ಆಟಕ್ಕೆ ಮಂಗಳ ಉಂಟು ಮಾರಾಯ. ಭಾಗವತರು ಮಂಗಳ ಹಾಡಿದರೆ ಚಾಪೆ ಮಡಚಿ ಮನೆಗೆ. ನಿನ್ನ ರೀಲಿಗೆ ಮಂಗಳ ಹಾಡುವವ ಯಾರು?"

ಟೀಚರ್ ಮೇಜು ಕುಟ್ಟಿದರು. "ಅದೇ ವಿಷಯ! ಮೊದಲು ಪುಟ ಮುಗಿಯುತ್ತಿತ್ತು, ಮುಂದಿನದ್ದು ಬೇಕಾದರೆ ಒತ್ತಬೇಕಿತ್ತು. 2006ರಲ್ಲಿ ಅಝಾ ರಾಸ್ಕಿನ್ ಎಂಬವ ಕೊನೆಯೇ ಇಲ್ಲದ ಸ್ಕ್ರೋಲ್ ಮಾಡಿದ, ಮತ್ತೆ ಅವನೇ ಬೇಜಾರು ಮಾಡಿಕೊಂಡ. ಬೇಜಾರಿನಿಂದ ಸ್ಕ್ರೋಲ್ ನಿಲ್ಲಲಿಲ್ಲ, ಅದು ಬೇರೆ."

"ಮಂಗಳ ಹಾಡಿಸಲಿಕ್ಕೆ ದಾರಿ ಉಂಟು," ಅಂದ ರಜಾಕ್, ಸ್ಕ್ರೂಡ್ರೈವರ್ ಕೆಳಗಿಟ್ಟು. "ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿ. ಮೊದಲ ಪುಟ ಖಾಲಿ ಆಗ್ತದೆ, ಬೇಕಾದ್ದನ್ನು ಹುಡುಕಿಯೇ ನೋಡಬೇಕು. ಇನ್‌ಸ್ಟಾದಲ್ಲಿ ಸಜೆಸ್ಟೆಡ್ ಪೋಸ್ಟುಗಳನ್ನು 30 ದಿನ ಸ್ನೂಝ್ ಮಾಡಬಹುದು. ತಿಂಗಳು ಕಳೆದರೆ ಎದ್ದು ಬರ್ತವೆ, ಪುನಃ ಮಲಗಿಸಬೇಕು. ಮನುಷ್ಯರು ಕಳಿಸಿದ ಮೆಸೇಜಿನ ನೋಟಿಫಿಕೇಶನ್ ಇರಲಿ, ಉಳಿದದ್ದೆಲ್ಲ ಬಂದ್. ಐಕಾನನ್ನು ಮೊದಲ ಪರದೆಯಿಂದ ಎತ್ತಿಬಿಡಿ."

ಹರೀಶನ ಫೋನಿನಲ್ಲಿ ಅಲ್ಲೇ ಎತ್ತಿ, ಅದೇ ಜಾಗದಲ್ಲಿ ಕ್ಯಾಲ್ಕುಲೇಟರ್ ಇಟ್ಟು ಕೊಟ್ಟ. ಮಾತಾಡುತ್ತಿದ್ದ ಹಾಗೆಯೇ ಹರೀಶನ ಹೆಬ್ಬೆರಳು ಬಲಗಡೆ ಕೆಳಗಿನ ಮೂಲೆಗೆ ಹೋಯಿತು, ಕ್ಯಾಲ್ಕುಲೇಟರ್ ತೆರೆಯಿತು. ಮುಚ್ಚಿದ. ಬೆರಳು ಪುನಃ ಹೋಯಿತು, ಪುನಃ ಕ್ಯಾಲ್ಕುಲೇಟರ್.

"ಕಂಡಿತಾ? ನೋಡಬೇಕು ಅಂತ ಅವನಿಗೆ ಅನಿಸಲೇ ಇಲ್ಲ, ಬೆರಳೇ ಹೋದದ್ದು," ಅಂದರು ಟೀಚರ್. "ಅಡ್ಡಿ ಎರಡು ಸೆಕೆಂಡಿನದ್ದಾದರೂ ಸಾಕು, ಅಷ್ಟರಲ್ಲಿ ಎಚ್ಚರ ಆಗ್ತದೆ. ಪೂರಾ ಬಿಡಿಸುತ್ತೇನೆ ಅಂತ ಹೊರಟರೆ ಕ್ಲಾಸಿನ ಗ್ರೂಪೂ ಹೋಗ್ತದೆ, ನಾಲ್ಕೇ ದಿನಕ್ಕೆ ಕದ್ದು ನೋಡುವುದು ಶುರು."

"ಸಮಯ ಹೋಗುವುದು ಇರಲಿ ಟೀಚರ್, ಹೊಟ್ಟೆ ಉರಿಯುವುದಕ್ಕೆ ಎಂತ ಮಾಡುವುದು? ದುಬೈಯಲ್ಲಿರುವ ದೊಡ್ಡಪ್ಪನ ಮಗ ವಾರಕ್ಕೊಂದು ಕಾರಿನ ಎದುರು ನಿಲ್ತಾನೆ," ಅಂದ ಹರೀಶ.

"ಕಾರು ಅವನದ್ದೇ ಅಂತ ಯಾರು ಹೇಳಿದ್ದು?" ಅಂದ ರಜಾಕ್. "ಮ್ಯೂಟ್ ಮಾಡು. ಅನ್‌ಫಾಲೋ ಮಾಡಿದರೆ ಮದುವೆ ಮನೆಯಲ್ಲಿ ಕೇಳ್ತಾನೆ. ಮ್ಯೂಟ್ ಮಾಡಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ನಿನ್ನ ಪೋಸ್ಟಿನ ಲೈಕ್ ಲೆಕ್ಕವನ್ನೂ ಅಡಗಿಸಲಿಕ್ಕೆ ಆಗ್ತದೆ."

"ಫೋನು ಬಿಟ್ಟ ಎರಡು ಗಂಟೆ ಹುಡುಗರು ಎಂತ ಮಾಡುವುದು?" ಕೇಳಿದ ಹರೀಶ.

"ಅಡಿಕೆ ಸುಲಿಯಲಿ!" ಅಂದರು ಶಂಕರಣ್ಣ.

"ಹಾಗೆ ಹೇಳಿದರೆ ಫೋನಿನೊಳಗೇ ಮನೆ ಕಟ್ಟಿಕೊಳ್ತಾನೆ. ಕಬಡ್ಡಿಗೆ ಹೋಗಲಿ, ಚೆಂಡೆ ಕಲಿಯಲಿ, ಜೊತೆಗೆ ನಾಲ್ಕು ಜನ ಇರಬೇಕು ಅಷ್ಟೇ." ಟೀಚರ ಸ್ವರ ಸ್ವಲ್ಪ ಇಳಿಯಿತು. "ಒಂದು ಮಾತ್ರ ನೆನಪಿಡಿ, ಎಲ್ಲವೂ ಫೋನಿನ ತಪ್ಪಲ್ಲ. ಎರಡು ವಾರ ಕಳೆದರೂ ಮಂಕು ಬಿಡದೆ, ಊಟ ನಿದ್ದೆ ಕೆಟ್ಟು, ಗೆಳೆಯರನ್ನೂ ಇಷ್ಟದ ಆಟವನ್ನೂ ಬಿಟ್ಟರೆ ಟೈಮರಿನಿಂದ ಆಗುವ ಕೆಲಸ ಅಲ್ಲ. 'ಬದುಕೇ ಬೇಡ' ಎಂಬ ಮಾತು ಬಂದರೆ ಎರಡು ವಾರ ಕಾಯಲಿಕ್ಕೇ ಇಲ್ಲ. ಸಾಯುವ ಯೋಚನೆ ಬರ್ತದಾ ಅಂತ ನೇರ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲಿಕ್ಕೆ ಬಾಗಿಲು ತೆರೆದ ಹಾಗೆ ಆಗ್ತದೆ. ಒಬ್ಬನನ್ನೇ ಬಿಡಬೇಡಿ, ಆಸ್ಪತ್ರೆಗೆ ಕರಕೊಂಡು ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬ್ರ 14416, ಹಗಲು ರಾತ್ರಿ ಉಂಟು, ದುಡ್ಡಿಲ್ಲ. ಕನ್ನಡವನ್ನೂ ಆರಿಸಿಕೊಳ್ಳಬಹುದು. ಮನಸ್ಸಿನ ಸಂಕಟವನ್ನು ಬರದ ಭಾಷೆಯಲ್ಲಿ ಹೇಳಬೇಕಾಗಿಲ್ಲ."

ಶಂಕರಣ್ಣ ನಂಬ್ರವನ್ನು ಮಗನ ಫೋನಿನಲ್ಲೂ ತಮ್ಮದರಲ್ಲೂ ಸೇವ್ ಮಾಡಿಸಿಕೊಂಡರು. ರಜಾಕ್ ಅವರ ಫೋನಿನ ಡ್ಯಾಶ್‌ಬೋರ್ಡ್ ತೆರೆದು ತೋರಿಸಿದ: ಇವತ್ತು 4 ಗಂಟೆ 50 ನಿಮಿಷ.

"ಇದು ಮಗನದ್ದಾ?"

"ನಿಮ್ಮದು. ಹೆಚ್ಚಿನದ್ದು ವಾಟ್ಸಾಪ್."

"ಕುಟುಂಬದ ಗ್ರೂಪು ಮಾರಾಯ, ಬೆಳಿಗ್ಗೆ ಮೂವತ್ತೆರಡು ಶುಭೋದಯ. ಯಾರಿಗೂ ಗೊತ್ತಾಗದ ಹಾಗೆ ಹೊರಗೆ ಬರಲಿಕ್ಕೆ ಆಗ್ತದಾ?"

"2022ರಿಂದ ಆಗ್ತದೆ. ನೀವು ಬಿಟ್ಟ ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗ್ತದೆ. ಅಡ್ಮಿನ್ ಯಾರು?"

"ಹೆಂಡತಿಯ ಅಣ್ಣ."

"ಹಾಗಾದರೆ ಬಿಡುವುದು ಬೇಡ," ಅಂದ ರಜಾಕ್. "ಮ್ಯೂಟ್ ಮಾಡ್ತೇನೆ. 8 ಗಂಟೆಗಾ, ಒಂದು ವಾರಕ್ಕಾ, ಯಾವಾಗಲಿಗೂವಾ?"