ಸರ್ವೆ ಡ್ರಾಯಿಂಗ್‌ಗೆ ಮನೆ ಪ್ಲ್ಯಾನ್ ಕೂರುತ್ತಿಲ್ಲ: ಯೂನಿಟ್, ಕೋಆರ್ಡಿನೇಟ್ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಸಿವಿಲ್ ಡಿಪ್ಲೊಮಾ ಮುಗಿಸಿ ಒಬ್ಬರು ಆರ್ಕಿಟೆಕ್ಟ್ ಹತ್ತಿರ ಡ್ರಾಫ್ಟ್ಸ್‌ಮನ್ ಆಗಿ ಸೇರಿದ್ದೇನೆ. ನೆಲಮಂಗಲದ ಹತ್ತಿರದ ಒಂದು ಲೇಔಟ್‌ನ ಸರ್ವೆ ಡ್ರಾಯಿಂಗ್ ಆಟೋಕ್ಯಾಡ್ (ಕಂಪ್ಯೂಟರ್‌ನಲ್ಲಿ ನಕ್ಷೆ ಎಳೆಯುವ ಸಾಫ್ಟ್‌ವೇರ್) ಫೈಲಾಗಿ ಬಂದಿದೆ. ಅದರಲ್ಲಿ 30×40 ಸೈಟಿನ ಉದ್ದದ ಬದಿ ಅಳೆದರೆ 1 ಅಡಿ 0 3/16 ಇಂಚು ಅಂತ ತೋರಿಸುತ್ತಿದೆ! ನಮ್ಮ ಮನೆ ಪ್ಲ್ಯಾನ್ ಅನ್ನು ಅದರೊಳಗೆ ಇನ್ಸರ್ಟ್ ಮಾಡಿದರೆ ಮನೆಯೇ ಲೇಔಟ್‌ಗಿಂತ ದೊಡ್ಡದಾಗಿ ಬರುತ್ತಿದೆ. ಯೂನಿಟ್ಸ್ ಕಮಾಂಡ್‌ನಲ್ಲಿ ಮೀಟರ್ ಅಂತ ಬದಲಿಸಿದೆ, ಏನೂ ಆಗಲಿಲ್ಲ. ಸರ್ವೆಯವರೇ ತಪ್ಪು ಮಾಡಿದ್ದಾರಾ?

ಉತ್ತರ: ಸರ್ವೆಯವರನ್ನು ಸದ್ಯಕ್ಕೆ ಬಿಡಿ, ಅವರ ಗೆರೆ ಸರಿಯಾಗೇ ಇದೆ. ಆಟೋಕ್ಯಾಡ್ ಒಳಗೆ ಇರುವುದು ಬರೀ ಸಂಖ್ಯೆ. 40 ಅಡಿ ಅಂದರೆ 12.192 ಮೀಟರ್. ಅವರು ಮೀಟರ್‌ನಲ್ಲಿ ಎಳೆದಿದ್ದಾರೆ, ಹಾಗಾಗಿ ಆ ಗೆರೆಯ ಉದ್ದ 12.192 ಯೂನಿಟ್. ನಿಮ್ಮ ಫೈಲಿನಲ್ಲಿ ಉದ್ದ ತೋರಿಸುವ ರೀತಿ ಆರ್ಕಿಟೆಕ್ಚರಲ್‌ಗೆ ಸೆಟ್ ಆಗಿದೆ. ಆ ರೀತಿಯಲ್ಲಿ ಒಂದು ಯೂನಿಟ್ ಅಂದರೆ ಒಂದು ಇಂಚು ಅಂತಲೇ ಲೆಕ್ಕ. 12.192 ಇಂಚನ್ನು ಅದು ತನ್ನ ಭಾಷೆಯಲ್ಲಿ 1 ಅಡಿ 0 3/16 ಇಂಚು ಅಂತ ಹೇಳಿತು, ಅಷ್ಟೆ. ಡೆಸಿಮಲ್‌ಗೆ ತಿರುಗಿಸಿ, 12.192 ಕಾಣುತ್ತದೆ.

ಯೂನಿಟ್ಸ್ ಡಬ್ಬಿಯಲ್ಲಿ ಎರಡು ಬೇರೆ ಬೇರೆ ವಿಷಯ ಒಂದೇ ಕಡೆ ಕೂತಿವೆ, ಎಲ್ಲರೂ ಎಡವುವುದು ಇಲ್ಲೇ. ಮೇಲಿನದು ಸಂಖ್ಯೆಯನ್ನು ತೋರಿಸುವ ರೀತಿ. ಕೆಳಗೆ ಇನ್ಸರ್ಷನ್ ಸ್ಕೇಲ್ ಅಂತ ಇರುವುದು 'ಈ ಫೈಲಿನ ಒಂದು ಯೂನಿಟ್ ಅಂದರೆ ಇಷ್ಟು' ಅಂತ ಫೈಲಿಗೆ ಅಂಟಿಸುವ ಚೀಟಿ. ಚೀಟಿ ಬದಲಿಸಿದರೆ ಎಳೆದ ಗೆರೆ ಒಂದು ಕೂದಲಿನಷ್ಟೂ ಬದಲಾಗುವುದಿಲ್ಲ. ಮುಂದೆ ಇನ್ನೊಂದು ಫೈಲನ್ನು ಒಳಗೆ ತರುವಾಗ ಮಾತ್ರ ಆಟೋಕ್ಯಾಡ್ ಎರಡೂ ಚೀಟಿ ಓದಿ ಹಿಗ್ಗಿಸುತ್ತದೆ, ಇಲ್ಲವೇ ಕುಗ್ಗಿಸುತ್ತದೆ. ಇನ್ಸ್‌ಯುನಿಟ್ಸ್ ಅಂತ ಟೈಪ್ ಮಾಡಿದರೆ ಚೀಟಿಯ ನಂಬರ್ ಸಿಗುತ್ತದೆ: 0 ಅಂದರೆ ಯಾವ ಯೂನಿಟ್ಟೂ ಇಲ್ಲ, 1 ಇಂಚು, 2 ಅಡಿ, 4 ಮಿಲಿಮೀಟರ್, 6 ಮೀಟರ್. ಎಕ್ಯಾಡ್ ಅನ್ನುವ ಟೆಂಪ್ಲೇಟ್‌ನಲ್ಲಿ ಹೊಸ ಫೈಲ್ ತೆರೆದರೆ ಅದು ಇಂಚಿನ ಚೀಟಿಯೊಂದಿಗೇ ಹುಟ್ಟುತ್ತದೆ, ಎಕ್ಯಾಡ್‌ಐಎಸ್‌ಒ ಆದರೆ ಮಿಲಿಮೀಟರ್. ಮೀಟರ್‌ನಲ್ಲಿ ಎಳೆದು ಇಂಚಿನ ಚೀಟಿ ಹೊತ್ತ ಸರ್ವೆ ಫೈಲುಗಳು ಬೇಕಾದಷ್ಟು ಓಡಾಡುತ್ತಿವೆ. ನಿಮ್ಮದೂ ಅದೇ ಜಾತಿ ಅನ್ನಿಸುತ್ತದೆ, ಯಾಕೆಂದರೆ ಇಂಚಿನ ಮನೆ ಪ್ಲ್ಯಾನ್ ಮೀಟರ್ ಡ್ರಾಯಿಂಗ್‌ಗೆ ಹಾಗೇ ಬಂದರೆ 39.37 ಪಟ್ಟು ದೊಡ್ಡದಾಗುತ್ತದೆ.

ಈಗ ಸರ್ವೆ ಫೈಲಿನ ಚೀಟಿ 6, ಮನೆ ಫೈಲಿನ ಚೀಟಿ 1 ಇದೆಯಾ ನೋಡಿ, ಇಲ್ಲದಿದ್ದರೆ ಹಾಗೆ ಬದಲಿಸಿ. ಮೊದಲು ತಂದಿದ್ದ ಬ್ಲಾಕ್ ಅನ್ನು, ಅಂದರೆ ಒಳಗೆ ಬಂದ ಮನೆ ಪ್ಲ್ಯಾನನ್ನು ಅಳಿಸಿ, ಪರ್ಜ್ ಮಾಡಿ (ಫೈಲಿನಲ್ಲಿ ಉಳಿದ ಅದರ ಹಳೆಯ ಪ್ರತಿಯನ್ನೂ ತೆಗೆಯಿರಿ), ಮತ್ತೆ ಇನ್ಸರ್ಟ್ ಮಾಡಿ. ಆಮೇಲೆ ಪ್ಲ್ಯಾನಿನ ಸೈಟ್ ಗಡಿಯ ಉದ್ದದ ಬದಿಯನ್ನು ಡಿಸ್ಟ್ ಅನ್ನುವ ದೂರ ಅಳೆಯುವ ಕಮಾಂಡ್‌ನಲ್ಲಿ ಅಳೆಯಿರಿ. 12.192 ಬರಬೇಕು.

ಮರುಪ್ರಶ್ನೆ: ಬಂತು ಸರ್, 12.192! ಆದರೆ ಮುಂದೆ ಗೊತ್ತಿಲ್ಲದ ಫೈಲ್ ಬಂದಾಗ ಅದು ಯಾವ ಯೂನಿಟ್‌ನಲ್ಲಿದೆ ಅಂತ ಹೇಗೆ ಕಂಡುಹಿಡಿಯೋದು?

ಉತ್ತರ: ಚೀಟಿ ನಂಬಬೇಡಿ, ಗೊತ್ತಿರುವ ವಸ್ತುವನ್ನು ಅಳೆಯಿರಿ. ಮೂರು ಅಡಿಯ ಬಾಗಿಲು 36 ಬಂದರೆ ಇಂಚು, 3 ಬಂದರೆ ಅಡಿ, 900ರ ಆಸುಪಾಸು ಮಿಲಿಮೀಟರ್, 0.9 ಮೀಟರ್. ಜಮೀನಾದರೆ ಪಹಣಿ ತೆಗೆಯಿರಿ. 1 ಎಕರೆ 10 ಗುಂಟೆ ಅಂದರೆ 50 ಗುಂಟೆ. ಗುಂಟೆಗೆ 1089 ಚದರ ಅಡಿ, ಒಟ್ಟು 54,450. ಏರಿಯಾ ಕಮಾಂಡ್ ಅದನ್ನೇ ಹೇಳಿದರೆ ಅಡಿ, 5,059ರ ಹತ್ತಿರ ಹೇಳಿದರೆ ಮೀಟರ್. ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿದೆಯಾ ಇಲ್ಲವಾ ಅನ್ನುವುದನ್ನು ನೋಡಿಕೊಳ್ಳಿ, ಅದರ ಜಗಳ ಕ್ಯಾಡ್‌ನಿಂದ ಬಗೆಹರಿಯುವುದಿಲ್ಲ.

ಇನ್ನೊಂದು ಮಾತು. ಯೂನಿಟ್ ಪಟ್ಟಿಯಲ್ಲಿ ಅಡಿ ಅಂತ ಒಂದಿದೆ, ಯುಎಸ್ ಸರ್ವೆ ಅಡಿ ಅಂತ ಇನ್ನೊಂದಿದೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಪಾಲು ಮಾತ್ರ, ಮನೆ ಕಟ್ಟುವವನಿಗೆ ಲೆಕ್ಕಕ್ಕೇ ಇಲ್ಲ. ಆದರೆ ನಿಮ್ಮ ಸೈಟಿನ ನಾರ್ದಿಂಗ್ (ಉತ್ತರ ದಿಕ್ಕಿನ ಅಳತೆ, ಡ್ರಾಯಿಂಗ್‌ನ ವೈ) ಸುಮಾರು 14.5 ಲಕ್ಷ ಮೀಟರ್. ಅಷ್ಟು ದೊಡ್ಡ ಸಂಖ್ಯೆಯನ್ನು ತಪ್ಪು ಅಡಿಯಲ್ಲಿ ಪರಿವರ್ತಿಸಿದರೆ ಸೈಟು ಹೆಚ್ಚುಕಡಿಮೆ 2.9 ಮೀಟರ್ ಸರಿದುಬಿಡುತ್ತದೆ.

ಮರುಪ್ರಶ್ನೆ: ಅದೇ ಕೇಳಬೇಕೆಂದಿದ್ದೆ ಸರ್. ಬಿಂದುವಿನ ಸ್ಥಾನ ತೋರಿಸುವ ಐಡಿ ಕಮಾಂಡ್ ಕೊಟ್ಟರೆ ಎಕ್ಸ್ 7 ಲಕ್ಷ ಚಿಲ್ಲರೆ, ವೈ 14 ಲಕ್ಷ ಚಿಲ್ಲರೆ ಬರುತ್ತದೆ. ಹ್ಯಾಚ್ (ಜಾಗ ತುಂಬುವ ಗೆರೆ ವಿನ್ಯಾಸ) ಹಾಕಿದರೆ ಚೆಲ್ಲಾಪಿಲ್ಲಿ. ಎಲ್ಲವನ್ನೂ ಹಿಡಿದು 0,0ಗೆ ಮೂವ್ ಮಾಡಲಾ?

ಉತ್ತರ: ಬೇಡ! ಆ ಸಂಖ್ಯೆಗಳೇ ಸೈಟಿನ ವಿಳಾಸ. ಯುಟಿಎಂ ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಸ್ಥಾನವನ್ನು ಮೀಟರ್‌ನಲ್ಲಿ ಹೇಳುವ ಪದ್ಧತಿ. ಅದರ 43ನೇ ವಲಯದಲ್ಲಿ ಎಕ್ಸ್ ಅಂದರೆ ಈಸ್ಟಿಂಗ್ (ಪೂರ್ವ ದಿಕ್ಕಿನ ಅಳತೆ), ವೈ ಅಂದರೆ ನಾರ್ದಿಂಗ್. ನಾಳೆ ಜಾಗದಲ್ಲಿ ಗುರುತು ಹಾಕಲು ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಯಂತ್ರದವರು ಕೇಳುವುದು ಇವನ್ನೇ.

ಸರ್ವೆ ಫೈಲನ್ನು ಮುಟ್ಟದೆ ಇಡಿ. ಅಲ್ಲೇ ಕೆಲಸ ಮಾಡಬೇಕಾದರೆ ಸೈಟಿನ ಮೂಲೆಯಲ್ಲಿ ಹೊಸ ಯುಸಿಎಸ್ (ನಿಮಗೆ ಬೇಕಾದಂತೆ ಇಟ್ಟುಕೊಳ್ಳುವ ಎಕ್ಸ್-ವೈ ಅಕ್ಷ) ಕೂರಿಸಿ, ರಸ್ತೆಯ ದಿಕ್ಕಿಗೆ ತಿರುಗಿಸಿ, ಆ ಅಕ್ಷಕ್ಕೆ ನೋಟ ತಿರುಗಿಸುವ ಪ್ಲ್ಯಾನ್ ಕಮಾಂಡ್ ಕೊಡಿ. ನೋಟ ನೆಟ್ಟಗಾಗುತ್ತದೆ, ಗೆರೆ ಕದಲುವುದಿಲ್ಲ. ಹ್ಯಾಚ್‌ನ ಮೂಲಬಿಂದುವನ್ನು ಸೈಟಿನ ಹತ್ತಿರ ಕೊಟ್ಟರೆ ಅದೂ ಬಹುಪಾಲು ಸರಿಹೋಗುತ್ತದೆ. 0,0 ಹತ್ತಿರವೇ ಬೇಕು ಅನ್ನುವವರು, ಉದಾಹರಣೆಗೆ ರೆವಿಟ್ (ಕಟ್ಟಡದ ಮಾದರಿ ಮಾಡುವ ಸಾಫ್ಟ್‌ವೇರ್) ಬಳಸುವವರು, ಹೊಸ ಫೈಲ್ ಮಾಡಲಿ. ರೆವಿಟ್ ತನ್ನ ಮೂಲಬಿಂದುವಿನಿಂದ 10 ಮೈಲಿ, ಅಂದರೆ ಸುಮಾರು 16 ಕಿ.ಮೀ. ಒಳಗಿದ್ದರೆ ಮಾತ್ರ ಸಮಾಧಾನ. ಎಷ್ಟು ಸರಿಸಿದಿರಿ, ಎಷ್ಟು ತಿರುಗಿಸಿದಿರಿ ಅನ್ನುವುದನ್ನು ಶೀಟಿನ ಮೇಲೆಯೇ ಬರೆಯಿರಿ.

ಇನ್ನೊಬ್ಬ ಸದಸ್ಯರು: ನನಗೆ ಬಂದ ಪಾಯಿಂಟ್‌ಗಳನ್ನು ಹಾಕಿದರೆ ಲೇಔಟ್ ಕನ್ನಡಿಯಲ್ಲಿ ನೋಡಿದಂತೆ ಬರುತ್ತಿದೆ ಸರ್, ತಿರುಗಿಸಿದರೂ ಕೂರುತ್ತಿಲ್ಲ.

ಉತ್ತರ: ಎಕ್ಸ್, ವೈ ಅದಲುಬದಲಾಗಿದೆ. ಸರ್ವೆಯವರ ಪಟ್ಟಿಯಲ್ಲಿ ಹೆಚ್ಚಾಗಿ ನಾರ್ದಿಂಗ್ ಮೊದಲು, ಕ್ಯಾಡ್‌ಗೆ ಈಸ್ಟಿಂಗ್ ಮೊದಲು. ಕರ್ನಾಟಕದಲ್ಲಿ ಎಲ್ಲೇ ನಿಂತರೂ ನಾರ್ದಿಂಗ್ 12 ಲಕ್ಷಕ್ಕಿಂತ ಹೆಚ್ಚು, ಈಸ್ಟಿಂಗ್ 9 ಲಕ್ಷಕ್ಕಿಂತ ಕಡಿಮೆ. ದೊಡ್ಡ ಸಂಖ್ಯೆ ಎಕ್ಸ್‌ನಲ್ಲಿ ಕೂತಿದ್ದರೆ ಮತ್ತೇನೂ ಯೋಚಿಸಬೇಡಿ, ಪಟ್ಟಿಯ ಕಾಲಂ ಬದಲಿಸಿ.

ಇನ್ನೊಬ್ಬ ಸದಸ್ಯರು, ಧಾರವಾಡ: ನಮ್ಮಲ್ಲಿ ಡಿಜಿಪಿಎಸ್ (ಉಪಗ್ರಹದ ಸಿಗ್ನಲ್ ಹಿಡಿದು ಅಳೆಯೋ) ಸರ್ವೆ ಮಾಡಿಸಿದೀವ್ರಿ. ಟೇಪ್ ಹಿಡದ್ರ 100 ಮೀಟರ್, ಡ್ರಾಯಿಂಗ್‌ನ್ಯಾಗ 99.95. ಮಾಲೀಕರು ಜಾಗಾ ಕಳಕೊಂಡೆ ಅಂತ ಗದ್ದಲ ಹಾಕ್ಯಾರ.

ಉತ್ತರ: ಜಾಗ ಎಲ್ಲಿಗೂ ಹೋಗಿಲ್ಲ ಅಂತ ಹೇಳಿ. ಭೂಮಿಯ ಗುಂಡು ಮೈಯನ್ನು ಚಪ್ಪಟೆ ಹಾಳೆಗೆ ತರುವಾಗ ಯುಟಿಎಂ ಬೇಕೆಂದೇ ಮಾಡಿಕೊಂಡ ಹೊಂದಾಣಿಕೆ ಇದು. ವಲಯದ ನಡುಗೆರೆಯ ಮೇಲೆ ಎಲ್ಲ ಉದ್ದವನ್ನೂ 0.9996ರಿಂದ ಗುಣಿಸಲಾಗುತ್ತದೆ. 43ನೇ ವಲಯದ ನಡುಗೆರೆ 75 ಡಿಗ್ರಿ ರೇಖಾಂಶ, ಅದು ಹಾಯುವುದು ನಿಮ್ಮ ಊರಿನ ಪಕ್ಕದಲ್ಲೇ. ಅಲ್ಲಿಗೆ 100 ಮೀಟರ್‌ಗೆ 4 ಸೆಂ.ಮೀ. ಹೋಯಿತು. ಸಮುದ್ರಮಟ್ಟದಿಂದ ಮೇಲಿರುವುದಕ್ಕೆ ಇನ್ನೊಂದು ಸೆಂ.ಮೀ. ನಡುಗೆರೆಯಿಂದ ದೂರ ಸರಿದ ಹಾಗೆ ಇದು ತಿರುಗುಮುರುಗಾಗುತ್ತದೆ. ನೆಲಮಂಗಲದಲ್ಲಿ ಅದೇ 100 ಮೀಟರ್ ಡ್ರಾಯಿಂಗ್‌ನಲ್ಲಿ ಸುಮಾರು 3 ಸೆಂ.ಮೀ. ಹೆಚ್ಚು ಕಾಣುತ್ತದೆ. 30×40 ಸೈಟಿಗೆ ಇದೆಲ್ಲ ಮಿಲಿಮೀಟರ್ ಮಾತು. ಉದ್ದನೆಯ ರಸ್ತೆ, ಪೈಪ್‌ಲೈನ್, ದೊಡ್ಡ ಶೆಡ್ ಆದರೆ ಡ್ರಾಯಿಂಗ್ ಗ್ರಿಡ್ ಅಳತೆಯದೋ (ಯುಟಿಎಂ ಹಾಳೆಯದು) ನೆಲದ ಅಳತೆಯದೋ (ಟೇಪ್ ಹಿಡಿದದ್ದು) ಅಂತ ಸರ್ವೆಯವರಿಂದ ಬರೆಸಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಗುಣಿಸುವ ಸ್ಕೇಲ್ ಫ್ಯಾಕ್ಟರ್ ಎಷ್ಟು ಅಂತಲೂ ಕೇಳಿ. ಹೊಂದಿಸುತ್ತೇನೆ ಅಂತ ನೀವೇ ಸ್ಕೇಲ್ ಕಮಾಂಡ್ ಹಾಕಬೇಡಿ.

ಇನ್ನೊಬ್ಬ ಸದಸ್ಯರು, ಕೋಲಾರ: ಇಬ್ಬರು ಸರ್ವೆಯವರು ಕೊಟ್ಟ ಒಂದೇ ಜಮೀನಿನ ಎರಡು ಫೈಲು 650 ಕಿಲೋಮೀಟರ್ ದೂರದಲ್ಲಿ ಬೀಳುತ್ತಿವೆ. ಒಂದನ್ನು ಎಳೆದು ಇನ್ನೊಂದರ ಮೇಲೆ ಕೂರಿಸಿದರೂ ಗಡಿ ವಾರೆ.

ಉತ್ತರ: ನಿಮ್ಮ ಜಿಲ್ಲೆಯ ಹಣೆಬರಹ ಅದು. 78 ಡಿಗ್ರಿ ರೇಖಾಂಶಕ್ಕೆ 43ನೇ ವಲಯ ಮುಗಿದು 44 ಶುರು. ಮಾಲೂರು ಈಚೆ, ಕೋಲಾರ, ಬಂಗಾರಪೇಟೆ, ಮುಳಬಾಗಿಲು ಆಚೆ. ಕೋಲಾರ ಪಟ್ಟಣದ ಈಸ್ಟಿಂಗ್ 44ರಲ್ಲಿ 1.9 ಲಕ್ಷದ ಹತ್ತಿರ. ಬೆಂಗಳೂರಿನ ಕೆಲಸದ ಜೊತೆ ಹೊಂದಲಿ ಅಂತ ಯಾರೋ 43ನ್ನೇ ಮುಂದುವರಿಸಿದರೆ 8.4 ಲಕ್ಷ. ವಾರೆ ಯಾಕೆಂದರೆ ಎರಡೂ ವಲಯದ 'ಉತ್ತರ' ಒಂದೇ ಅಲ್ಲ, ನಿಮ್ಮಲ್ಲಿ ಸುಮಾರು 1.36 ಡಿಗ್ರಿ ವ್ಯತ್ಯಾಸ. 100 ಮೀಟರ್ ಗಡಿಗೆ ಅದು 2.4 ಮೀಟರ್ ಆಯಿತು. ಕೈಯಲ್ಲಿ ತಿರುಗಿಸಿ ಹೊಂದಿಸಿದರೆ ಮೇಲಿನ ಸ್ಕೇಲ್ ವ್ಯತ್ಯಾಸ ಹಾಗೇ ಉಳಿಯುತ್ತದೆ. ಪಾಯಿಂಟ್ ಪಟ್ಟಿ ತರಿಸಿಕೊಂಡು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಇಪಿಎಸ್‌ಜಿ ಸಂಕೇತ 32643ರಿಂದ (43ನೇ ವಲಯ) 32644ಕ್ಕೆ (44ನೇ ವಲಯ) ಬದಲಿಸಿ, ಆ ಪಟ್ಟಿಯಿಂದಲೇ ಗೆರೆ ಎಳೆಯಿರಿ. ಯಾವ ವಲಯ ಅನ್ನುವುದು ಎರಡೂ ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ನಲ್ಲಿ ಇಲ್ಲ ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ಬರೆಸಿಕೊಂಡ ಮೇಲೆಯೇ ಬಿಲ್ ಪಾಸ್ ಮಾಡಿ.